ಗುಡ್ಡದ ಗಾಳಿಗೆ ಕಂಪ್ಯೂಟರಿನಲ್ಲಿ ಗಡಿ ಹಾಕುವುದು ಹೇಗೆ?

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಆಷಾಢದ ಗಾಳಿ ಗುಡ್ಡ ಹತ್ತುವಾಗ ಎಷ್ಟು ಜೋರಾಗುತ್ತದೆ? ಸಿಎಫ್‌ಡಿಯಲ್ಲಿ, ಅಂದರೆ ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಕಂಡುಹಿಡಿಯುವ ವಿಧಾನದಲ್ಲಿ, ಲೆಕ್ಕ ಹಾಕಬಹುದು. ಆದರೆ ಜಿಲ್ಲೆಯ ಗಾಳಿಯನ್ನೆಲ್ಲ ಕಂಪ್ಯೂಟರಿಗೆ ತುಂಬಲಾಗದು. ಗುಡ್ಡದ ಸುತ್ತ ಒಂದು ಪೆಟ್ಟಿಗೆ ಎಳೆದು, ಅದರ ಆರು ಮುಖಗಳಲ್ಲಿ ಗಾಳಿ ಹೇಗಿರಬೇಕೆಂದು ನಾವೇ ಹೇಳಬೇಕು. ಅದೇ ಬೌಂಡರಿ ಕಂಡಿಷನ್.

ಮೊದಲು ಪೆಟ್ಟಿಗೆಯ ಅಳತೆ. ಇಲ್ಲಿ ಜಿಪುಣತನ ಬೇಡ. ಕಟ್ಟಡಗಳ ಲೆಕ್ಕದಲ್ಲಿ ಎತ್ತರದ 5 ಪಟ್ಟು ಜಾಗ ಮುಂದೆ, 15 ಪಟ್ಟು ಹಿಂದೆ ಬಿಡುವುದು ರೂಢಿ. ಗುಡ್ಡಕ್ಕೂ ಅಲ್ಲಿಂದಲೇ ಶುರು ಮಾಡಿ. 200 ಮೀಟರ್ ಗುಡ್ಡವಾದರೆ ಹಿಂದೆ 3 ಕಿಲೋಮೀಟರ್ ಆಯಿತು. ನಾನು ಮೊದಲ ಸಲ ಮೆಶ್ (ಲೆಕ್ಕಕ್ಕಾಗಿ ಪೆಟ್ಟಿಗೆಯನ್ನು ಹೋಳುಮಾಡಿದ ಸಣ್ಣ ಸಣ್ಣ ಕೋಶಗಳು) ಉಳಿಸಲು ಹೋಗಿ ಗುಡ್ಡದ ಬುಡದಲ್ಲೇ ಪೆಟ್ಟಿಗೆ ಮುಗಿಸಿದ್ದೆ. ಗುಡ್ಡದ ಹಿಂದಿನ ಸುಳಿ ಅರ್ಧಕ್ಕೇ ಕತ್ತರಿಸಿಹೋಯಿತು. ಹೊರಹೋಗಬೇಕಾದ ಗಾಳಿ ಔಟ್‌ಲೆಟ್‌ನಿಂದ, ಅಂದರೆ ಹೊರಹೋಗುವ ಮುಖದಿಂದಲೇ, ಒಳಗೆ ನುಗ್ಗುತ್ತಿತ್ತು. ಚಿತ್ರ ಮಾತ್ರ ಬಣ್ಣಬಣ್ಣವಾಗಿ ಚೆಂದ ಬಂದಿತ್ತು!

ಗಾಳಿ ಬರುವ ಮುಖ ಇನ್‌ಲೆಟ್. ಅಲ್ಲಿ ಸುಮ್ನೆ ಒಂದೇ ವೇಗ ಕೊಟ್ಟುಬಿಡಬೇಡಿ. ನೆಲದ ಹತ್ತಿರ ಗಾಳಿ ಕಮ್ಮಿ, ಮೇಲೆ ಹೋದಷ್ಟೂ ಜಾಸ್ತಿ. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಯಲಿಗೆ ಏಳನೇ ಒಂದರ ಘಾತದ ಸೂತ್ರ (ವೇಗ ಎತ್ತರದ 1/7 ಘಾತದಂತೆ ಏರುತ್ತದೆ ಎಂಬುದು) ಹಿಡಿದರೆ, 80 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 8 ಮೀಟರ್ ಇರುವ ಗಾಳಿ 10 ಮೀಟರ್ ಎತ್ತರದಲ್ಲಿ ಸುಮಾರು 6 ಮೀಟರ್. ಟರ್ಬುಲೆನ್ಸ್, ಅಂದರೆ ಗಾಳಿಯ ಏರುಪೇರಿನ ಸುಳಿದಾಟದ, ಅಳತೆಯನ್ನೂ ಇಲ್ಲೇ ಕೊಡಬೇಕು.

ಔಟ್‌ಲೆಟ್‌ನಲ್ಲಿ ವೇಗ ಕಟ್ಟಿಹಾಕಬೇಡಿ, ಒತ್ತಡ ಕೊಡಿ. ಒತ್ತಡ 0 ಎಂದರೆ ನಿರ್ವಾತವಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಒತ್ತಡದ ವ್ಯತ್ಯಾಸ ಮಾತ್ರ, 0 ಅದಕ್ಕೊಂದು ಗುರುತು ಅಷ್ಟೇ. ಓಪನ್‌ಫೋಮ್ ಎಂಬ ಸಿಎಫ್‌ಡಿ ತಂತ್ರಾಂಶ ಬಳಸುವವರು ಇದನ್ನೆಲ್ಲ ‘0’ ಎಂಬ ಫೋಲ್ಡರಿನ ಫೈಲುಗಳಲ್ಲಿ ಬರೆಯುತ್ತಾರೆ.

ನೆಲದಲ್ಲಿ ವೇಗ ಸೊನ್ನೆ, ಜೊತೆಗೆ ಕುರುಚಲು ಗಿಡಗಳಿಗೆ ತಕ್ಕ ಒರಟುತನ. ಪಕ್ಕಗಳಿಗೆ, ಮೇಲ್ಭಾಗಕ್ಕೆ ‘ಸ್ಲಿಪ್’ ಸಾಕು. ಗಾಳಿ ಉಜ್ಜಾಟವಿಲ್ಲದೆ ಸವರಿಕೊಂಡು ಹೋಗುತ್ತದೆ, ಆಚೆ ದಾಟುವುದಿಲ್ಲ.

ಗುಡ್ಡ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನೇ ಒಮ್ಮೆ ಓಡಿಸಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಇನ್‌ಲೆಟ್‌ನಲ್ಲಿ ಕೊಟ್ಟ, ಎತ್ತರದೊಂದಿಗೆ ಏರುವ ವೇಗದ ಗೆರೆ ಔಟ್‌ಲೆಟ್‌ನಲ್ಲೂ ಹಾಗೇ ಸಿಗಬೇಕು ಅಲ್ವಾ? ದಾರಿಯಲ್ಲಿ ಬದಲಾಗಿದ್ದರೆ ನೆಲದ ಒರಟುತನಕ್ಕೂ ನೀವು ಕೊಟ್ಟ ಗಾಳಿಗೂ ತಾಳೆಯಿಲ್ಲ. ಅದನ್ನು ಸರಿಮಾಡಿಕೊಂಡು ಗುಡ್ಡ ಇಡಿ.