ಕಬ್ಬಿನ ಗ್ಯಾಂಗಿನ ಬಸುರಿಯರನ್ನು, ಕೂಸುಗಳನ್ನು ತಲುಪುವುದು ಹೇಗೆ?

ನಮ್ಮ ಮುಧೋಳ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ದೀಪಾವಳಿ ಸುತ್ತಮುತ್ತ ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯವರು, ವಿಜಯಪುರದ ತಾಂಡಾಗಳವರು. ನಾವು ಆಶಾಗಳು ಮನೆಮನೆ ಲೆಕ್ಕ ಬರೆಯುವ ಸರ್ವೆ ಪುಸ್ತಕದಲ್ಲಿ ಅವರ ಹೆಸರಿಲ್ಲ. ಅವರ ಊರಿನ ಪುಸ್ತಕದಲ್ಲಿ ಹೆಸರಿದ್ದರೂ ಅಲ್ಲಿ ಅವರಿಲ್ಲ. ಹೊಸದಾಗಿ ಆಶಾ ಕಾರ್ಯಕರ್ತೆ ಆದ ತಂಗಿಯರಿಗೆ ನಾನು ಮಾಡುವ ರೀತಿ ಹೇಳುತ್ತೇನೆ.

ಜೋಪಡಿ ಎಲ್ಲೆಲ್ಲಿ ಬಿದ್ದಿವೆ ಅಂತ ಮುಕಾದಮನನ್ನು, ಅಂದರೆ ಗ್ಯಾಂಗು ಕೂಡಿಸಿ ತರುವ ಮೇಸ್ತ್ರಿಯನ್ನು ಕೇಳಿ. ಬಸುರಿಯರ ವಿಷಯ ಮಾತ್ರ ಅವನ ಮುಂದೆ ಎತ್ತಬೇಡಿ. ಮುಂಗಡ ಕೊಟ್ಟಿರುವುದು ಗಂಡ-ಹೆಂಡತಿ ಜೋಡಿಗೆ. ಕೆಲಸ ತಪ್ಪೀತು ಅಂತ ಹೆಂಗಸರು ಮುಚ್ಚಿಡುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಹೋದರೆ ಮುದುಕಿಯರು, ಮಕ್ಕಳು, ನಾಯಿ ಅಷ್ಟೇ ಸಿಗೋದು. ಸಂಜೆ ಒಲೆ ಹಚ್ಚುವ ಹೊತ್ತಿಗೆ ಹೋಗಿ. ರೊಟ್ಟಿ ಬಡಿಯುತ್ತಾ ತಾವೇ ಮಾತಿಗೆ ಬರುತ್ತಾರೆ. ಮುಟ್ಟಿನ ತಾರೀಕು ಕೇಳಿದರೆ ಸುಮ್ನೆ ನಗುತ್ತಾರೆ. "ನಾಗರಪಂಚಮಿಗೆ ಮೊದಲೇನಕ್ಕಾ, ಗಣಪತಿ ಕೂಡಿಸಿದ ಮೇಲಾ?" ಅಂತ ಕೇಳಿ ನೋಡಿ, ಲೆಕ್ಕ ಸಿಗುತ್ತದೆ.

ಬಸುರಿಯ ತಪಾಸಣೆ, ಕೂಸಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಊರಲ್ಲೇ ಉಳಿದಿರುತ್ತದೆ. ಮನೆಗೆ ಫೋನ್ ಹಚ್ಚಿಸಿ, ವಾಟ್ಸಾಪ್‌ನಲ್ಲಿ ಫೋಟೊ ತರಿಸಿ. ಕೂಸಿನ ಲಸಿಕೆಯ ಒಂದು ಡೋಸ್ ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಇದು ತಾಯಂದಿರಿಗೆ ಗೊತ್ತಿರಲ್ಲ. ಬೈತಾರೆ ಅಂತ ಹೆದರಿ ದೂರ ಉಳಿಯುತ್ತಾರೆ.

ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ. ಆದರೆ ದಿನ ತಪ್ಪಿದರೆ ಕೂಲಿ ಹೋಯಿತು, ಮೇಲೆ ದಂಡ ಬೇರೆ. ಪುಕ್ಕಟೆ ಅಂದರೆ ಯಾರಿಗೆ ಪುಕ್ಕಟೆ, ಅಲ್ವಾ? ಅದಕ್ಕೇ ಸಿಸ್ಟರನ್ನು ಒಪ್ಪಿಸಿ, ಸಂಜೆ ಜೋಪಡಿ ಹತ್ತಿರವೇ ಬಿಪಿ, ರಕ್ತ ನೋಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ 9ನೇ ತಾರೀಕಿಗೆ ಕಾಯಬೇಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಆಗ ಮುಕಾದಮನ ಜೊತೆ ಜಗಳವಾದರೂ ಆಗಲಿ.

ಕಬ್ಬಿಣದ ಮಾತ್ರೆ ಕೈಗಿಟ್ಟು ಬಂದರೆ ಸಾಲದು. ಚಹಾ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಇವರಿಗೋ ದಿನವಿಡೀ ಚಹಾ ಬೇಕು. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ನುಂಗಲು ಹೇಳಿ. ಮಲ ಕಪ್ಪಗಾಗುತ್ತದೆ ಅಂತಲೂ ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ.

ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದೇ ಜಾಗ. ಹೊಲದ ಜೋಪಡಿಗೆ ಎಲ್ಲಿಯ ವಿಳಾಸ? ಯಾರ ಹೊಲ, ಯಾವ ಕಾಲುವೆ ಪಕ್ಕ, ಯಾವ ಊರಿನ ಹಾದಿ ಅಂತ ಹೆಂಗಸರಿಗೆ ಬಾಯಿಪಾಠ ಮಾಡಿಸಿ. ಗ್ಯಾಂಗು ಬೇರೆ ಹೊಲಕ್ಕೆ ಎದ್ದಾಗ ಮತ್ತೆ ಹೇಳಿಕೊಡಬೇಕು.

ಸಕ್ಕರೆ ಕಾರ್ಖಾನೆ ನಿಂತು ಗ್ಯಾಂಗು ಊರಿಗೆ ಹೊರಡುವ ಮೊದಲು ಮುಂದಿನ ಡೋಸಿನ ತಾರೀಕು ಕಾರ್ಡಿನಲ್ಲಿ ಬರೆದುಕೊಡಿ. ಅವರ ಊರಿನ ಆಶಾಗೆ ನೀವೇ ಒಂದು ಫೋನ್ ಮಾಡಿಬಿಡಿ.