ವಾಕರ್, ಗಾಲಿಕುರ್ಚಿ ಮತ್ತು ಅಲಾಸ್ಕಾ: ಮನೆಮಂದಿಯೆಲ್ಲ ಹಡಗಿನಲ್ಲಿ ಹೋಗಿಬಂದ ಅನುಭವ

ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೊರಡುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಅಪ್ಪನಿಗೆ ಅಷ್ಟು ಓಡಾಡೋಕೆ ಆಗುತ್ತಾ?" ಅಂತ. ಹಾಗೆ ಕೇಳಿದರೆ ಉತ್ತರ ಯಾವಾಗಲೂ ಇಲ್ಲ ಎಂದೇ. ಅದರ ಬದಲು ನಾನು ಪ್ರತಿ ಜಾಗಕ್ಕೂ ನಾಲ್ಕು ಪ್ರಶ್ನೆ ಕೇಳಿಕೊಂಡೆ. ಎಷ್ಟು ದೂರ ನಡೆಯಬೇಕು? ಮೆಟ್ಟಿಲು ಎಷ್ಟು? ನಡುವೆ ಕೂರಲು ಜಾಗ ಎಲ್ಲಿದೆ? ಶೌಚಾಲಯ ಎಲ್ಲಿದೆ? ಅಲಾಸ್ಕಾ ಪ್ರವಾಸ ನಿಂತದ್ದು ಈ ನಾಲ್ಕರ ಮೇಲೆ.

ನಾವಿರುವುದು ಸಿಯಾಟಲ್ ಹತ್ತಿರ. ಬೇಸಿಗೆ ಕಳೆಯಲು ಅಪ್ಪ ಅಮ್ಮ ಹಾಸನದಿಂದ, ಅತ್ತೆ ಧಾರವಾಡದಿಂದ ಬಂದಿದ್ದರು. ಪಾರ್ಶ್ವವಾಯು ಆದ ಮೇಲೆ ಅಪ್ಪನ ಎಡಗೈ, ಎಡಗಾಲು ಸೋತಿವೆ. ಮನೆಯೊಳಗೆ ವಾಕರ್, ದೂರಕ್ಕೆ ಗಾಲಿಕುರ್ಚಿ. ಅಮ್ಮನಿಗೆ ಮಂಡಿನೋವು, ಸಮನೆಲವಾದರೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಇಳಿಯುವುದು ಕಷ್ಟ. ಅತ್ತೆಗೆ ಎಪ್ಪತ್ತು ದಾಟಿದೆ, ನಡಿಗೆಯಲ್ಲಿ ನಾನೇ ಅವರ ಹಿಂದೆ. ಜೊತೆಗೆ ಹೈಸ್ಕೂಲಿಗೆ ಹೋಗುವ ಮಗಳು, ಒಂದು ಕ್ಷಣ ಸುಮ್ಮನೆ ಕೂರದ ಮಗ, ನಾವಿಬ್ಬರು. ಕಾರಿನಲ್ಲಿ ಹೋದರೆ ದಿನಕ್ಕೊಂದು ಹೋಟೆಲು, ದಿನವೂ ಗಂಟುಮೂಟೆ ಕಟ್ಟಬೇಕು. ಹಡಗಿನಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಆಯಿತು. ಸಿಯಾಟಲ್‌ನಿಂದಲೇ ಹತ್ತಬಹುದಾದ್ದರಿಂದ ಇನ್ನೊಂದು ವಿಮಾನವೂ ಬೇಡ.

ಮೊದಲು ವಿಸಾ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಅಲಾಸ್ಕಾ ಅಮೆರಿಕದ್ದೇ ರಾಜ್ಯ. ಆದರೂ ಅಪ್ಪ ಅಮ್ಮನ ಹಾಗೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರವಾಸಿ ವಿಸಾದ ಮೇಲೆ ಬಂದವರಿಗೆ ಕೆನಡಾ ವಿಸಾ ಕೂಡ ಬೇಕು. 1886ರ ಒಂದು ಕಾನೂನಿನ ಪ್ರಕಾರ, ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಸಿಯಾಟಲ್‌ನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ವಾಪಸ್ ಬರುವಂತಿಲ್ಲ. ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕೇ ಈ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ನಾವು ಅಲ್ಲಿ ಇಳಿಯುವುದೇ ಇಲ್ಲ ಅಂದರೂ ಕೇಳುವುದಿಲ್ಲ, ವಿಸಾ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸುವುದಿಲ್ಲ. ಮೂವರೂ ಊರು ಬಿಡುವ ಮೊದಲೇ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ವಿಸಾ ಮಾಡಿಸಿಕೊಂಡರು. ಅಮೆರಿಕದ ವಿಸಾ ಮರಳಿ ಒಳಬರಲು ಅವಕಾಶ ಕೊಡುವಂಥದ್ದಾಗಿರಬೇಕು, ಅದನ್ನೂ ನೋಡಿಕೊಳ್ಳಿ.

ಇನ್ನು ಕ್ಯಾಬಿನ್. ನನ್ನ ಮಟ್ಟಿಗೆ ಅರ್ಧ ಪ್ರವಾಸ ಗೆದ್ದದ್ದು ಇಲ್ಲೇ. ಗಾಲಿಕುರ್ಚಿಯವರಿಗೆಂದೇ ಇರುವ ಕ್ಯಾಬಿನ್‌ಗಳು ಒಂದು ಹಡಗಿನಲ್ಲಿ ಬೆರಳೆಣಿಕೆಯಷ್ಟು, ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಹಡಗಿನವರು ಉಪಕಾರಕ್ಕೆಂದು ಕೊಡುವ ಸವಲತ್ತು ಇದಲ್ಲ. ಅಮೆರಿಕದ ನೀರಿಗೆ ಬರುವ ವಿದೇಶಿ ಧ್ವಜದ ಹಡಗುಗಳಿಗೂ ಅಂಗವಿಕಲರ ಹಕ್ಕಿನ ಕಾನೂನು ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪೆಕ್ಟರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಸಂಕೋಚವಿಲ್ಲದೆ ಕೇಳಿ. ಮಾಮೂಲಿ ಕ್ಯಾಬಿನ್‌ನ ಬಾಗಿಲು ಕಿರಿದು, ಬಚ್ಚಲಿಗೆ ಎತ್ತರದ ಹೊಸ್ತಿಲು. ಗಾಲಿಕುರ್ಚಿಯ ಕ್ಯಾಬಿನ್‌ನಲ್ಲಿ ಬಾಗಿಲು ಅಗಲ, ಹೊಸ್ತಿಲು ಇಲ್ಲ, ಸ್ನಾನಕ್ಕೆ ಮಡಚುವ ಆಸನ, ಗೋಡೆಗೆ ಹಿಡಿಗಳು.

ಆ ಹಿಡಿಗಳ ಬಗ್ಗೆ ಒಂದು ಮಾತು. ಕಮೋಡಿನ ಪಕ್ಕದ ಹಿಡಿ ಕೂತವರ ಬಲಕ್ಕಿದೆಯೋ ಎಡಕ್ಕಿದೆಯೋ ಎಂದು ಕಾದಿರಿಸುವ ಮೊದಲೇ ಕೇಳಬೇಕು. ಅಪ್ಪ ಬಲಗೈಯಲ್ಲಿ ಮಾತ್ರ ಭಾರ ಹಾಕಿ ಏಳಬಲ್ಲರು. ಒಂದೇ ಹಡಗಿನ ಎರಡು ಕ್ಯಾಬಿನ್‌ಗಳಲ್ಲಿ ಇದು ಅದಲುಬದಲು ಇರುತ್ತದೆ. ಫೋನಿನಲ್ಲಿ ಮಾತಾಡಿದ ಹುಡುಗಿ ಕ್ಯಾಬಿನ್‌ನ ನಕ್ಷೆ ತರಿಸಿಕೊಂಡು ನೋಡಿ, ಬಲಗಡೆ ಹಿಡಿ ಇರುವ ಕೋಣೆಯನ್ನೇ ಕೊಟ್ಟಳು. ಅದರಿಂದಾಗಿ ಇಡೀ ಪ್ರವಾಸದಲ್ಲಿ ಅಪ್ಪ ಬಚ್ಚಲಿಗೆ ಹೋಗಲು ಯಾರನ್ನೂ ಕರೆಯಲಿಲ್ಲ. ಯಾರನ್ನೂ ಕರೆಯದೆ ಇರುವುದು ಅವರಿಗೆ ಎಷ್ಟು ದೊಡ್ಡದು ಎಂದು ಅಮ್ಮನಿಗೂ ನನಗೂ ಗೊತ್ತು.

ಹಡಗು ಮುನ್ನೂರು ಮೀಟರ್ ಉದ್ದ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ತುದಿಯಲ್ಲಿ ಕೋಣೆ, ಇನ್ನೊಂದು ತುದಿಯಲ್ಲಿ ಊಟ ಅಂತಾದರೆ ಅಮ್ಮನ ಮಂಡಿ ಅಲ್ಲೇ ಸೋಲುತ್ತಿತ್ತು. ಲಿಫ್ಟಿನ ಹತ್ತಿರ, ಹಡಗಿನ ನಡುಭಾಗದಲ್ಲಿ ತೆಗೆದುಕೊಂಡೆವು. ನಡುಭಾಗಕ್ಕೆ ಇನ್ನೊಂದು ಕಾರಣವೂ ಇದೆ: ಸಿಯಾಟಲ್‌ನಿಂದ ಹೊರಟ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಾಗರದಲ್ಲಿ ಹೋಗುತ್ತವೆ. ಮೊದಲ ರಾತ್ರಿ ಚೆನ್ನಾಗಿಯೇ ಓಲಾಡಿತು. ಓಲಾಟ ನಡುವೆ ಕಡಿಮೆ. ವಾಂತಿ, ತಲೆಸುತ್ತಿನ ಭಯ ಹೆಚ್ಚಿರುವವರು ವ್ಯಾಂಕೂವರ್ ನಗರದಿಂದ ಹೊರಡುವ ಹಡಗು ನೋಡಬಹುದು, ಅದು ದ್ವೀಪಗಳ ಮರೆಯಲ್ಲಿ ಸಾಗುತ್ತದೆ.

ಹಡಗಿನವರ ಗಾಲಿಕುರ್ಚಿ ಹತ್ತಿಸಿ ಇಳಿಸುವುದಕ್ಕೆ ಮಾತ್ರ, ಪ್ರವಾಸದುದ್ದಕ್ಕೂ ಕೊಡುವುದಿಲ್ಲ. ನಾವು ಮಡಚುವಂಥ ಹಗುರದ ಕುರ್ಚಿಯನ್ನು ಮನೆಯಿಂದಲೇ ಒಯ್ದೆವು. ಅಪ್ಪನಿಗೆ ಅದರಲ್ಲಿ ಕೂರಲು ಮನಸ್ಸಿರಲಿಲ್ಲ. "ತಳ್ಳಿಸ್ಕೊಂಡು ಹೋದ್ರೆ ಚೆನ್ನಾಗಿರಲ್ಲ ಕಣಮ್ಮ" ಅನ್ನುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಮೊದಲ ಸಂಜೆ ಊಟದ ಹಾಲ್‌ನ ಬಾಗಿಲಲ್ಲಿ ವಾಕರ್‌ಗಳು, ಗಾಲಿಕುರ್ಚಿಗಳು, ಬ್ಯಾಟರಿ ಸ್ಕೂಟರ್‌ಗಳು ಸಾಲಾಗಿ ನಿಂತಿದ್ದವು; ಒಬ್ಬ ಹುಡುಗ ಅವಕ್ಕೆ ಚೀಟಿ ಕಟ್ಟಿ ಇಡುತ್ತಿದ್ದ. ಅಪ್ಪ ಆ ಸಾಲನ್ನು ಒಂದು ಕಡೆಯಿಂದ ನೋಡಿಕೊಂಡು ಬಂದು ಕೂತರು. ಮರುದಿನ ಬೆಳಿಗ್ಗೆ ಅವರೇ ಮಗನಿಗೆ, "ಕುರ್ಚಿ ತಾರೋ ಮರಿ" ಅಂದರು.

ಸುರಕ್ಷತಾ ತಾಲೀಮನ್ನು ಹಗುರವಾಗಿ ನೋಡಬೇಡಿ. ಬೆಂಕಿ ಗಿಂಕಿ ಬಿದ್ದರೆ ಲಿಫ್ಟ್ ನಿಲ್ಲುತ್ತದೆ. ನಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ, ಇವರಿಗೆ ಮೆಟ್ಟಿಲು ಆಗುವುದಿಲ್ಲ, ಅಮ್ಮ ನಿಧಾನ ಎಂದು ಬರೆಸಿಬಂದೆವು. ಅಂಥವರನ್ನು ಹೊತ್ತು ಇಳಿಸುವುದಕ್ಕೆಂದೇ ಸಿಬ್ಬಂದಿ ಇರುತ್ತಾರೆ, ಅದಕ್ಕೆ ಬೇಕಾದ ಕುರ್ಚಿಯೂ ಇರುತ್ತದೆ.

ಬಂದರುಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಹಡಗು ದಡಕ್ಕೇ ಬಂದು ನಿಲ್ಲುತ್ತದೋ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಜನರನ್ನು ಸಾಗಿಸುತ್ತದೋ ಎಂಬುದು. ದೋಣಿಯಾದರೆ, ಅಲೆ ಜೋರಿದ್ದ ದಿನ ಗಾಲಿಕುರ್ಚಿಯವರನ್ನು ಹತ್ತಿಸುವುದಿಲ್ಲ. ನಮ್ಮ ಊರುಗಳಲ್ಲೆಲ್ಲ ಹಡಗು ಕಟ್ಟೆಗೇ ಬರುತ್ತದೆಂದು ಖಚಿತ ಮಾಡಿಕೊಂಡೇ ಆರಿಸಿದ್ದು.

ಜೂನೋದಲ್ಲಿ ಮನೆಯವರು ಎರಡು ಗುಂಪಾದೆವು. ಮೆಂಡೆನ್‌ಹಾಲ್ ಹಿಮನದಿಗೆ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲಿ ಫೋಟೋ ಪಾಯಿಂಟ್ ಎಂಬ ಕಡೆಗೆ ಹೋಗುವ ದಾರಿ ಗಟ್ಟಿ ನೆಲದ್ದು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಅಪ್ಪ ಅಮ್ಮನಿಗೆ ಅದು. ನಗೆಟ್ ಜಲಪಾತದವರೆಗಿನ ದಾರಿ ಹೋಗಿಬರಲು ಸುಮಾರು ಮೂರು ಕಿಲೋಮೀಟರು, ಮಕ್ಕಳಿಗೆ ಅದು. ಅತ್ತೆ ಯಾವ ಕಡೆ ಎಂದು ಕೇಳುವ ಮೊದಲೇ, "ನಾ ಹುಡುಗ್ರ ಜೋಡಿ ಹೋಗ್ತೀನಿ, ನೀ ನಿಮ್ಮ ಅಪ್ಪಾರನ್ನ ನೋಡ್ಕೋ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರು. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬ ಹಟ ಇಟ್ಟುಕೊಂಡರೆ ನಡೆಯಬಲ್ಲವರಿಗೂ ಬೇಸರ, ನಡೆಯಲಾರದವರಿಗೆ ತಮ್ಮಿಂದ ಎಲ್ಲರಿಗೂ ತಡೆಯಾಯಿತಲ್ಲ ಎಂಬ ಕೊರಗು. ರಾತ್ರಿಯ ಊಟ ಮಾತ್ರ ಒಟ್ಟಿಗೆ ಎಂದು ನಿಯಮ ಮಾಡಿದ್ದೆವು, ಹಗಲಿನ ಸುದ್ದಿಯೆಲ್ಲ ಅಲ್ಲಿ ಬರುತ್ತಿತ್ತು.

ತಿಮಿಂಗಿಲ ನೋಡುವ ದೋಣಿಗೆ ಅಮ್ಮನನ್ನು ಕರೆದೊಯ್ಯುವಾಗ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಜೂನೋದಲ್ಲಿ ಸಮುದ್ರದ ಏರಿಳಿತ ಎಷ್ಟೋ ದಿನ 15 ಅಡಿ ಮೀರುತ್ತದೆ. ದೋಣಿಗಳು ನಿಲ್ಲುವ ಕಟ್ಟೆ ನೀರಿನ ಮೇಲೆ ತೇಲುತ್ತದೆ. ದಡದಿಂದ ಅದಕ್ಕೆ ಇಳಿಯುವ ಲೋಹದ ಸೇತುವೆ ಉಬ್ಬರದಲ್ಲಿ ಹೆಚ್ಚುಕಡಿಮೆ ಮಟ್ಟಸ, ಇಳಿತದಲ್ಲಿ ಏಣಿಯ ಹಾಗೆ ಕಡಿದು. ಉಬ್ಬರ ಇಳಿತದ ವೇಳಾಪಟ್ಟಿಯನ್ನು ಅಮೆರಿಕದ ಸಾಗರ ಇಲಾಖೆ ನೋವಾ ಪುಕ್ಕಟೆಯಾಗಿ ಕೊಡುತ್ತದೆ. ಅದನ್ನು ನೋಡಿ, ನೀರು ಏರಿದ ಹೊತ್ತಿನ ದೋಣಿಗೇ ಟಿಕೆಟ್ ತೆಗೆದಿದ್ದೆ. ಅಮ್ಮ ಕಂಬಿ ಹಿಡಿದುಕೊಂಡು ತಾವೇ ಇಳಿದರು, ತಾವೇ ಹತ್ತಿದರು.

ಸ್ಕ್ಯಾಗ್ವೇಯ ದಿನ ಅಪ್ಪನದು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಇಲ್ಲಿನ ವೈಟ್ ಪಾಸ್ ರೈಲು, ಕ್ಲಾಂಡೈಕ್‌ನಲ್ಲಿ ಚಿನ್ನ ಹುಡುಕಲು ಜನ ಮುಗಿಬಿದ್ದ ಕಾಲದಲ್ಲಿ, 1898ರಿಂದ 1900ರೊಳಗೆ ಹಾಕಿದ ಹಳಿ. ಅಗಲ ಮೂರೇ ಅಡಿ. ಮೊದಲೇ ತಿಳಿಸಿದರೆ ಗಾಲಿಕುರ್ಚಿ ಎತ್ತುವ ಯಂತ್ರವಿರುವ ಬೋಗಿ ಕೊಡುತ್ತಾರೆ. ಅಪ್ಪನನ್ನು ಕುರ್ಚಿಯ ಸಮೇತ ಎತ್ತಿ ಒಳಗೆ ಬಿಟ್ಟರು. ಸಮುದ್ರ ಮಟ್ಟದಿಂದ ಹೊರಟು ಇಪ್ಪತ್ತು ಮೈಲಿಯಲ್ಲಿ 2,865 ಅಡಿ ಏರುತ್ತದೆ, ಇಳಿಯುವ ಕೆಲಸವಿಲ್ಲ, ಕೂತಲ್ಲೇ ಹೋಗಿ ಕೂತಲ್ಲೇ ಬರುವುದು. ಅಪ್ಪ ಕಂಡಕ್ಟರನ್ನು ಕರೆಸಿ ಏರು ಎಷ್ಟು ಎಂದು ಕೇಳಿಸಿದರು. ನೂರಕ್ಕೆ ಹತ್ತಿರ ಹತ್ತಿರ ನಾಲ್ಕು ಅಂದರು. "ನಮ್ಮದು ಐವತ್ತಕ್ಕೆ ಒಂದು. ಇದು ಅದಕ್ಕೆ ಎರಡರಷ್ಟು!" ಎಂದು ಮೊಮ್ಮಗನ ತೊಡೆ ತಟ್ಟಿದರು. ಸುರಂಗ ಬಂದಾಗ, "ಎಷ್ಟಿವೆಯಂತೆ ಕೇಳು" ಎಂದರು. ಎರಡು. "ಎರಡೇನಾ? ನಮ್ಮಲ್ಲಿ 57." ಕಂಡಕ್ಟರ್ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು. ಹಳೆಯ ಮೀಟರ್ ಗೇಜು, ಮಳೆಗಾಲದ ಗುಡ್ಡ ಕುಸಿತ, ಬ್ರೇಕ್ ಪರೀಕ್ಷೆ ಎಲ್ಲ ಬಂತು, ನಾನು ನಡುವೆ ಕೂತು ಇಂಗ್ಲಿಷಿಗೂ ಕನ್ನಡಕ್ಕೂ ಹಾರುತ್ತಿದ್ದೆ. ಪಾರ್ಶ್ವವಾಯು ಆದ ಮೇಲೆ ಅಪ್ಪ ಅಪರಿಚಿತರ ಜೊತೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ದಿನ ಹಡಗಿನಿಂದ ಯಾರೂ ಇಳಿಯುವುದೇ ಇಲ್ಲ. ನಡೆಯಬಲ್ಲವರು, ನಡೆಯಲಾರದವರು ಎಂಬ ಭೇದ ಆವತ್ತು ಇರಲಿಲ್ಲ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಒಳಗೆ ಬಿಡುತ್ತಾರೆ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು, ಹಡಗಿನ ಮಗ್ಗುಲಿಗೆ ಇಳಿಬಿಟ್ಟ ಏಣಿ ಹತ್ತಿ, ಇಡೀ ದಿನ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಬಂದಾಗ ಇಲ್ಲಿ ಕಂಡದ್ದು ಐದು ಮೈಲಿಯ ಕೊಲ್ಲಿ, ಅದರಾಚೆ ಹಿಮದ ಗೋಡೆ. ಆ ಹಿಮ ಈಗ ಸುಮಾರು 65 ಮೈಲಿ ಹಿಂದೆ ಸರಿದಿದೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನಕ್ಕೆ ತಿರುಗುತ್ತದೆ, ಯಾವ ಬದಿಯ ಬಾಲ್ಕನಿಯಲ್ಲಿ ಕೂತವರಿಗೂ ಕಾಣುತ್ತದೆ. ಅಪ್ಪ ಅಮ್ಮ ಕಂಬಳಿ ಹೊದ್ದು ತಮ್ಮ ಬಾಲ್ಕನಿಯಲ್ಲೇ ಕೂತಿದ್ದರು. ನೀಲಿ ಬಣ್ಣದ ಒಂದು ದೊಡ್ಡ ತುಂಡು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಮಗ ಅಮ್ಮನ ಕೋಣೆಯಿಂದ ನಮ್ಮ ಕೋಣೆಗೂ ಅಲ್ಲಿಂದ ಮೇಲಿನ ಡೆಕ್‌ಗೂ ಓಡುತ್ತ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದ. ಎಲ್ಲ ವಯಸ್ಸಿನವರಿರುವ ಮನೆಯವರು ಒಂದೇ ಕಾರಣಕ್ಕೆ ಹಡಗು ಆರಿಸುವುದಾದರೆ, ಗ್ಲೇಸಿಯರ್ ಬೇ ಒಳಗೆ ಹೋಗುವ ಹಡಗನ್ನೇ ಆರಿಸಿ ಎನ್ನುತ್ತೇನೆ.

ಕೆಚಿಕನ್‌ನಲ್ಲಿ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಊರು, ಸಕಲೇಶಪುರದಲ್ಲಿ ಸಂಸಾರ ಮಾಡಿದ ಅಮ್ಮನಿಗೆ ಅದೇನೂ ಹೊಸದಲ್ಲ. ಹಡಗಿನಿಂದ ಇಳಿದರೆ ಪೇಟೆಯೇ.

ಊಟದ ಬಗ್ಗೆ ಅಮ್ಮನದೇ ದೊಡ್ಡ ಚಿಂತೆಯಾಗಿತ್ತು. ಟಿಕೆಟ್ ತೆಗೆಯುವಾಗಲೇ ಸಸ್ಯಾಹಾರ, ಮೊಟ್ಟೆಯೂ ಇಲ್ಲ ಎಂದು ಬರೆಸಿದ್ದೆವು. ದಿನಾ ರಾತ್ರಿ ಮುಖ್ಯ ಬಡಿಸುವವರು ಮರುದಿನದ ಪಟ್ಟಿ ತಂದು ತೋರಿಸಿ, ಬೇಕಾದ್ದನ್ನು ಗುರುತು ಹಾಕಿಕೊಂಡು ಹೋಗುತ್ತಿದ್ದರು. ಬೇಳೆ, ಅನ್ನ, ಪಲ್ಯದಂಥದ್ದು ಏನಾದರೂ ಸಿಗುತ್ತಿತ್ತು, ಮೊಸರಿಗಂತೂ ಕೊರತೆಯಿಲ್ಲ. ಮನೆಯಲ್ಲಿ ಮಾಡಿದ ತಿಂಡಿಗೆ ಬಿಡುವುದಿಲ್ಲ, ಅಂಗಡಿಯ ಸೀಲು ಒಡೆಯದ ಚಟ್ನಿಪುಡಿ, ಕೋಡುಬಳೆ ನಡೆಯಿತು. ಬಿಸಿನೀರಿನ ಕೆಟಲ್ ಒಯ್ಯುವಂತಿಲ್ಲ. ಅಮ್ಮನಿಗೆ ಎದ್ದ ಕೂಡಲೇ ಬಿಸಿನೀರು ಬೇಕು, ಅದಕ್ಕೊಂದು ಫ್ಲಾಸ್ಕ್ ಸಾಕಾಯಿತು.

ಔಷಧಿ, ವೈದ್ಯರ ಚೀಟಿ, ಅಪ್ಪನ ಬಿ.ಪಿ. ಯಂತ್ರ ಎಲ್ಲ ಕೈಚೀಲದಲ್ಲೇ ಇರಲಿ. ಹತ್ತುವಾಗ ಕೊಟ್ಟ ದೊಡ್ಡ ಪೆಟ್ಟಿಗೆ ಕೋಣೆ ಸೇರುವುದು ಸಂಜೆಗೆ. ಹಡಗಿನ ವೈದ್ಯರ ಶುಲ್ಕ ದುಬಾರಿ, ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ಕೇಳುವುದೇ ಬೇಡ. ಹಾಗಾಗಿ ಹಿರಿಯರ ವಿಮೆಯಲ್ಲಿ ತುರ್ತು ಸಾಗಣೆಯೂ, ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೆ ಸಿಗುವ ರಕ್ಷಣೆಯೂ ಸ್ಪಷ್ಟವಾಗಿ ಬರೆದಿದೆಯೇ ಎಂದು ಒಂದೊಂದು ಸಾಲು ಓದಿ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನೆಲ್ಲ ಬಾಗಿಲಾಚೆ ಇಡಲು ಹೇಳುತ್ತಾರೆ. ಬೆಳಗಿನ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಒಳಗೇ ಇಟ್ಟುಕೊಳ್ಳಿ. ಇಳಿಯಲು ಗಾಲಿಕುರ್ಚಿ ನೆರವು ಬೇಕಿದ್ದರೆ ಹಿಂದಿನ ದಿನವೇ ಹೆಸರು ಕೊಡಬೇಕು. ಅವರಿಗೆ ಬೇರೆ ಜಾಗ, ಬೇರೆ ಸಮಯ. ಅಲ್ಲಿ ಕಾಯುವುದು ಸ್ವಲ್ಪ ಹೆಚ್ಚೇ ಆಗುತ್ತದೆ. ಹಾಗಾಗಿ ಆ ಬೆಳಿಗ್ಗೆ ಹೊರಡುವ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ. ಅತ್ತೆಯ ವಿಮಾನ ಎರಡು ದಿನ ಬಿಟ್ಟು ಇತ್ತು, ಅಷ್ಟರಲ್ಲಿ ಬಟ್ಟೆ ಒಗೆದು ಒಣಗಿಸಿಕೊಂಡು ಆರಾಮಾಗಿ ಹೊರಟರು.