ಬೇಸಿಗೆಯ ಹಿತ್ತಲಿಗೆ ಬಾವಿಯ ಲೆಕ್ಕ

ಸಂಕ್ರಾಂತಿ ಕಳೆದು ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಬೇಸಿಗೆಯ ತರಕಾರಿಯ ಮಾತು ಏಳುತ್ತದೆ. ಆಗ ಬಾವಿ ತುಂಬಿದಂತೆಯೇ ಕಾಣುವುದರಿಂದ ಎಷ್ಟು ಪಾತಿ ಮಾಡಿದರೂ ನಡೆದೀತು ಎನ್ನಿಸುತ್ತದೆ. ಒಂದು ವರ್ಷ ನಾನೂ ಹಾಗೆಯೇ ನಂಬಿ ಹನ್ನೆರಡು ಪಾತಿ ಬಿತ್ತಿದ್ದರಿಂದ, ಏಪ್ರಿಲ್ ನಡುವಿಗೆ ಕಾಯಿ ಕಚ್ಚಿದ್ದ ಬೆಂಡೆಯೂ ಅಲಸಂದೆಯೂ ಕಣ್ಣೆದುರೇ ಒಣಗಿದವು. ಅಂದಿನಿಂದ ಬಾವಿಯ ಲೆಕ್ಕ ಹಾಕದೆ ಬೀಜ ಮುಟ್ಟುವುದಿಲ್ಲ.

ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಸಂಜೆ ಕೊನೆಯ ಕೊಡ ಎತ್ತಿದ ಮೇಲೊಮ್ಮೆ, ಬೆಳಿಗ್ಗೆ ಮೊದಲ ಕೊಡ ಎತ್ತುವ ಮುನ್ನ ಮತ್ತೊಮ್ಮೆ ನೀರಿನ ಮಟ್ಟ ನೋಡಬೇಕು. ಎರಡರ ನಡುವಿನ ವ್ಯತ್ಯಾಸವೇ ರಾತ್ರಿ ಬಂದ ಒರತೆ. ಆರು ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 800 ಲೀಟರ್. ನಮ್ಮ ಬಾವಿ ಏಪ್ರಿಲ್‌ನಲ್ಲಿ ರಾತ್ರಿಗೆ ಎಂಟು ಅಂಗುಲ ಏರುತ್ತದೆ, ಅಂದರೆ 500 ಲೀಟರಿಗೆ ತುಸು ಹೆಚ್ಚು. ನಾಲ್ವರ ಅಡುಗೆ, ಸ್ನಾನ, ಬಟ್ಟೆಗೆ 300, ಹಾಲು ಕರೆಯುವ ಹಸುವಿಗೆ 60 ಲೀಟರ್ ಕಳೆದರೆ ಉಳಿಯುವುದು ಸುಮಾರು 150. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಪಾತಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಬೇಕಾಗುವುದರಿಂದ ನಮಗೆ ಏಳು ಪಾತಿಯೇ ಮಿತಿ. ಏಪ್ರಿಲ್‌ನ ಅಳತೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಮರುವರ್ಷದ ಜನವರಿಯಲ್ಲಿ ಅದೇ ಆಧಾರವಾಗುತ್ತದೆ. ಈ ಅಳತೆ ಇಲ್ಲದವರು ಮೊದಲ ವರ್ಷ ಮನಸ್ಸಿಗೆ ಬಂದದ್ದರ ಅರ್ಧದಷ್ಟು ಮಾತ್ರ ಬಿತ್ತುವುದು ಕ್ಷೇಮ.

ಮಳೆಗಾಲದ ಏರುಮಡಿ ಬೇಸಿಗೆಗೆ ಸಲ್ಲದು. ಪಾತಿಯನ್ನು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ತಗ್ಗಾಗಿ ತೆಗೆದು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಅಂಚು ಕಟ್ಟಿದರೆ ಹಾಕಿದ ನೀರು ಹರಿದುಹೋಗದೆ ಬೇರಿಗೆ ಇಳಿಯುತ್ತದೆ. ಸಸಿ ಗೇಣುದ್ದವಾದ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ತರಗೆಲೆ ಮುಚ್ಚಬೇಕು. ಆದರೆ ಬುಡಕ್ಕೆ ಒತ್ತಿ ಹಾಕಿದರೆ ಗೆದ್ದಲು ಹತ್ತುವುದರಿಂದ ಕಾಂಡದ ಸುತ್ತ ಅಂಗೈ ಅಗಲ ಬಿಡಬೇಕು. ನೀರನ್ನು ದಿನವೂ ಮೇಲಿಂದ ಚಿಮುಕಿಸುವುದಕ್ಕಿಂತ, ಬೇರೂರಿದ ಗಿಡಗಳಿಗೆ ದಿನ ಬಿಟ್ಟು ದಿನ, ಬಿಸಿಲೇರುವ ಮುನ್ನ, ಬುಡಕ್ಕೆ ಧಾರಾಳವಾಗಿ ಹಾಕುವುದು ಒಳ್ಳೆಯದು. ಆಗ ಬೇರು ಆಳಕ್ಕೆ ಹೋಗುತ್ತದೆ. ಸೌತೆ, ಕುಂಬಳದಂತಹ ಬಳ್ಳಿಗಳಿಗೆ ಮೆರುಗಿಲ್ಲದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ನಾಲ್ಕು ಬೀಜ ಊರುವುದು ನಾನು ಕಂಡ ಅತ್ಯಂತ ಉಳಿತಾಯದ ವಿಧಾನ: ಮಣ್ಣು ಒಣಗಿದಷ್ಟೂ ಮಡಕೆ ಹೆಚ್ಚು ಒಸರುತ್ತದೆ, ತೇವವಿದ್ದಾಗ ತಾನಾಗಿಯೇ ತಡೆಯುತ್ತದೆ. ಬಚ್ಚಲ ನೀರು ಬಾಳೆಗೂ ಬಸಳೆ ಚಪ್ಪರಕ್ಕೂ ಹೋಗಲಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಹರಿವೆ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಅದನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತಬೇಕು. ಬೆಂಡೆಗೆ ಬಿಳಿನೊಣದಿಂದ ಹರಡುವ ಹಳದಿ ನಂಜು ರೋಗದ ಕಾಟ ಹೆಚ್ಚು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಅದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಎಲೆಯ ನರ ಹಳದಿಯಾದ ಗಿಡವನ್ನು ಮರುಕಪಡದೆ ಕಿತ್ತು ಹೊರಹಾಕಿ, ಉಳಿದವಕ್ಕೆ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಬೀಜದ ತಿರುಳನ್ನು ಲೀಟರಿಗೆ 50 ಗ್ರಾಂನಂತೆ ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸಾಬೂನು ಕರಗಿಸಿ, ಸಂಜೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯುವುದು ಕ್ರಮ.

ಇಷ್ಟಾದರೂ ಬೇಸಿಗೆಯ ದಿನ ತೋಟಕ್ಕೇ ಮುಗಿಯುವುದಿಲ್ಲ. ಬೆಳಗಿನ ನೀರು ಮುಗಿಸಿ, ಅಂಗಳದಲ್ಲಿ ಹಲಸಿನ ಹಪ್ಪಳ ಹರಡಿ, ನಡುಮಧ್ಯಾಹ್ನ ಅದರ ಕಾವಲಿನಲ್ಲೇ ಜಗುಲಿಯ ನೆರಳಲ್ಲಿ ಕುಳಿತು ಅಲಸಂದೆ ಬೀಜ ಬಿಡಿಸಬಹುದು. ಚೆನ್ನಾಗಿ ಒಣಗಿದ ಬೀಜವನ್ನು ಜರಡಿ ಹಿಡಿದ ಒಲೆಬೂದಿಯಲ್ಲಿ ಕಲಸಿ ಡಬ್ಬಿಗೆ ತುಂಬಿದರೆ ಹುಳು ಹಿಡಿಯುವುದು ಕಡಿಮೆ.

ಭರಣಿ ಮಳೆಯ ಮೊದಲ ಹನಿಗೆ ಮಣ್ಣು ಮೆತ್ತಗಾದಾಗ ಮಡಕೆಗಳನ್ನು ಒಡೆಯದಂತೆ ಎತ್ತಿ ತೊಳೆದಿಟ್ಟು, ಆ ಜಾಗದಲ್ಲಿ ಏರುಮಡಿ ಮಾಡಿ ಶುಂಠಿ, ಅರಿಸಿನ ಊರಬಹುದು. ಬಲಿತ ಮಂಗಳೂರು ಸೌತೆಯನ್ನು ಮಾತ್ರ ಮಳೆ ಜೋರಾಗುವ ಮುನ್ನವೇ ಕೊಯ್ದು, ನೆಲಕ್ಕೆ ತಾಗಿಸದೆ, ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ಸಾಲಾಗಿ ತೂಗುಹಾಕಬೇಕು; ತರಕಾರಿ ಸಿಗದ ಆಷಾಢದ ಹುಳಿಗೆ ಅದೇ ಒದಗುತ್ತದೆ.